ಹಸಿದವರು ಹಾಡಬಾರದೇ?

ಮಾನ್ಯರೇ,

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರದಲ್ಲಿ ಕಂಡ ‘ಬಿಲ್ಲಿ ಎಲಿಯಟ್’ ಸಂಗೀತ ನಾಟಕ ಇಷ್ಟು ವರ್ಷಗಳ ನಂತರವೂ ನಿಮಗೆ ಕಿರಿಕಿರಿ ಮಾಡುತ್ತಿದೆ ಎಂದು ಬರೆದಿದ್ದೀರಿ. ಕೂಲಿ ನಿಂತುಹೋದ ಗಣಿ ಕಾರ್ಮಿಕರು ಕುಣಿಯುವುದನ್ನು ಉಳ್ಳವರು ಚಪ್ಪಾಳೆ ತಟ್ಟಿ ನೋಡುವುದು ನಿಮಗೆ ಸರಿಕಾಣಲಿಲ್ಲ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ನೀವು, ‘ಗಣಿ ಮುಚ್ಚಿದಾಗ ನಮ್ಮ ಮನೆಯಲ್ಲಿ ಯಾರೂ ಹಾಡಲಿಲ್ಲ’ ಎಂದು ಪತ್ರ ಮುಗಿಸಿದ್ದೀರಿ.

ಟಿಕೆಟ್ಟಿನ ದರ ದುಬಾರಿ ಎಂಬ ನಿಮ್ಮ ಮಾತು ನಿಜ. ನಾಟಕದ ಕಥೆ ನಡೆಯುವ, ಇಂಗ್ಲೆಂಡಿನ ಡರ್ಹ್ಯಾಮ್ ಸೀಮೆಯ ಗಣಿ ಕಾರ್ಮಿಕನೊಬ್ಬ ಆ ಕುರ್ಚಿಯಲ್ಲಿ ಸಂಸಾರಸಮೇತ ಕೂರುವುದು ಕಷ್ಟವೇ. ಆದರೆ ಬಡತನಕ್ಕೂ ಹಾಡಿಗೂ ಆಗಿಬರುವುದಿಲ್ಲ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಹಾಡು ಹುಟ್ಟಿದ್ದೇ ಬೀಸುವ ಕಲ್ಲಿನ ಮುಂದೆ, ನಾಟಿಯ ಕೆಸರಿನಲ್ಲಿ. ಬರಗಾಲದ ಒಂದು ವರ್ಷ, ಹಿಟ್ಟಿಗೆ ಕಾಳು ಸಾಲದಿದ್ದ ಬೆಳಗಿನ ಜಾವದಲ್ಲೂ ನಮ್ಮಜ್ಜಿ ಪದ ಹೇಳುವುದನ್ನು ನಿಲ್ಲಿಸಲಿಲ್ಲ. ಕಾಳು ಬೇಗ ಮುಗಿದದ್ದರಿಂದ ಪದ ಅರ್ಧಕ್ಕೇ ನಿಂತಿತು, ಅಷ್ಟೇ.

ಆ ನಾಟಕದ ಕುಣಿತವಾದರೂ ಎಂಥದ್ದು? ಬ್ರಿಟನ್ನಿನ ಇಪ್ಪತ್ತು ಕಲ್ಲಿದ್ದಲು ಗಣಿಗಳನ್ನು ಮುಚ್ಚುವ ತೀರ್ಮಾನದ ವಿರುದ್ಧ 1984ರ ಮಾರ್ಚಿನಲ್ಲಿ ಆರಂಭವಾಗಿ ಒಂದು ವರ್ಷ ನಡೆದು ಸೋತ ಮುಷ್ಕರ ಅದರ ಹಿನ್ನೆಲೆ; ಗಣಿ ಕಾರ್ಮಿಕನ ಮಗ ಬಿಲ್ಲಿಗೆ ಬ್ಯಾಲೆ ನೃತ್ಯ ಕಲಿಯುವ ಹಂಬಲ. ಪೊಲೀಸರೂ ಕಾರ್ಮಿಕರೂ ಸೆಣಸುತ್ತಿರುವಾಗಲೇ ಅವರ ನಡುವೆ ಪುಟ್ಟ ಹುಡುಗಿಯರ ಬ್ಯಾಲೆ ಪಾಠ ಸಾಗುತ್ತದೆ. ಮಾತಿನ ನಾಟಕದಲ್ಲಿ ಇವೆರಡನ್ನು ಒಂದೇ ಉಸಿರಿನಲ್ಲಿ ತೋರಿಸುವ ದಾರಿ ನನಗಂತೂ ತಿಳಿಯದು. ಮುಂದೆ ಹುಡುಗನನ್ನು ನೃತ್ಯಶಾಲೆಯ ಪರೀಕ್ಷೆಗೆ ಕಳಿಸಲು ಬರಿಗೈಯವರೇ ಚಿಲ್ಲರೆ ಕೂಡಿಸುತ್ತಾರೆ. ಮುಷ್ಕರ ಮುರಿದು ಕೆಲಸಕ್ಕೆ ಹೋದವನೊಬ್ಬ ನೋಟುಗಳ ಕಂತೆ ನೀಡಿದಾಗ, ಅದನ್ನು ಮುಟ್ಟಬೇಕೇ ಬೇಡವೇ ಎಂದು ಜಗಳವೇಳುತ್ತದೆ.

ಇಂಥ ಹುಡುಗ ನಮ್ಮಲ್ಲೂ ಇದ್ದ. 1929ರಲ್ಲಿ ಬಂಟ್ವಾಳದ ಸೀಮೆಯಲ್ಲಿ ಹುಟ್ಟಿದ ರಂಗ ನಿರ್ದೇಶಕ ಬಿ.ವಿ. ಕಾರಂತರು ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪನಿ ಸೇರಿದರು. ಅವರನ್ನು ಓದಲೆಂದು ಬನಾರಸಿಗೆ ಕಳಿಸಿದವರು ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು. ಹಾಡನ್ನು ಕಂಪನಿಯವರ ಹಳೆಯ ಗೀಳೆಂದು ಜರೆದ ನಮ್ಮ ಹೊಸ ರಂಗಭೂಮಿಗೆ ಮರಳಿ ಹಾಡು ತಂದವರೂ ಅದೇ ಕಾರಂತರು. ಅವರ ನಂತರ ಏನಾಯಿತು? ಗಂಭೀರ ನಾಟಕವೆಂದರೆ ಮಬ್ಬು ಬೆಳಕು, ದೀರ್ಘ ಮೌನ. ಹಾಡು ಬಂದರೂ ಅಂಕಗಳ ನಡುವೆ ಅಲಂಕಾರಕ್ಕೆ. ನಮ್ಮ ಕಚೇರಿಗೆ ಬರುವ ನಾಟಕ ವಿಮರ್ಶೆಗಳಲ್ಲಿ ಸಂಗೀತಕ್ಕೆ ಕೊನೆಯ ಒಂದು ಸಾಲು, ‘ಪೂರಕವಾಗಿತ್ತು’ ಎಂದು. ಆ ಪದವನ್ನು ಹೊಡೆದು ಹೊಡೆದು ನನ್ನ ಕೆಂಪು ಶಾಯಿ ಮುಗಿದಿದೆ.

2001ರ ಫೆಬ್ರುವರಿ 28ರಂದು ನಿಮ್ಮೂರಿನ ಚಿನ್ನದ ಗಣಿ ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಆ ಡಬ್ಬಿಗಳಲ್ಲಿ ಒಂದು ಇಡೀ ಸಂಗೀತ ನಾಟಕವಿದೆ. ಬರೆದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಯಾರೂ ಹಾಡಲಿಲ್ಲ ಎಂದಿರಿ. ರೈಲಿನಲ್ಲಿ?

ಬಿಲ್ಲಿ ಊರು ಬಿಡುವ ಹೊತ್ತಿಗೆ ಸೋತ ಕಾರ್ಮಿಕರು ತಲೆಗೆ ದೀಪ ಕಟ್ಟಿಕೊಂಡು ಹಾಡುತ್ತಲೇ ಗಣಿಯ ಕತ್ತಲೆಗೆ ಇಳಿಯುತ್ತಾರೆ. ನಿಮ್ಮ ಮೂರು ಪುಟದ ಪತ್ರದಲ್ಲಿ ಆ ದೃಶ್ಯದ ಪ್ರಸ್ತಾಪವೇ ಇಲ್ಲ. ಆಗ ನಿಮಗೆ ಏನನಿಸಿತೆಂದು ಬರೆಯಿರಿ; ಎಷ್ಟು ಪುಟವಾದರೂ ಅಚ್ಚು ಹಾಕುತ್ತೇನೆ.

— ಸಂಪಾದಕ