ಪ್ರಭಾರ ಮುಖ್ಯ ಶಿಕ್ಷಕಿಯಾದರೆ ಸಂಬಳ ಎಷ್ಟು ಜಾಸ್ತಿಯಾಗುತ್ತದೆ? ಬಜೆಟ್ ಬಿಗಿ ಇರುವಾಗ ಕೇಳುವುದು ಸರಿಯಾ?

ನನಗೆ ಜಾಸ್ತಿಯಾಗಿದ್ದು ಸೊನ್ನೆ. ಐದು ವರ್ಷಕ್ಕೂ ಸೇರಿ ಸೊನ್ನೆ.

2018ರ ಮೇ ಕೊನೆಗೆ ನಮ್ಮ ಹೆಡ್‌ಮಾಸ್ತರ್ರು ನಿವೃತ್ತರಾದರು. ಶಿರಸಿಯಿಂದ ಘಟ್ಟ ಇಳಿಯುವ ದಾರಿಯಲ್ಲಿರುವ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳು, 112 ಮಕ್ಕಳು. ಸೀನಿಯಾರಿಟಿಯಲ್ಲಿ ಮುಂದಿನವಳು ನಾನೇ. ಶಿಕ್ಷಣ ಇಲಾಖೆಯ ಆಫೀಸಿನಿಂದ ಫೋನ್ ಬಂತು. "ಅಕ್ಕೋರೆ, ಸದ್ಯಕ್ಕೆ ನೀವೇ ನೋಡ್ಕಳಿ. ಆದೇಶ ಆಮೇಲೆ ಮಾಡುವಾ." ನಾನು ಹೂಂ ಅಂದೆ.

ನನ್ನ ತಪ್ಪು ಆ ಹೂಂ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗ ನೀವೂ ಹೂಂ ಅನ್ನುವವರಿದ್ದೀರಿ. ಬೀರುವಿನ ಕೀಲಿ, ನಗದು ಪುಸ್ತಕ, ದಾಸ್ತಾನು ವಹಿ, ಅಕ್ಕಿ ಎಷ್ಟು ಕೆಜಿ, ಬೇಳೆ ಎಷ್ಟು ಅಂತ ಎಲ್ಲ ಎಣಿಸಿ, ಪಟ್ಟಿ ಮಾಡಿ, ಸಹಿ ಹಾಕಿ ತೆಗೆದುಕೊಂಡೆ. ಒಂದು ಸೌಟು ಕಮ್ಮಿ ಇದ್ದಿದ್ದನ್ನೂ ಬರೆಸಿದ್ದೆ. ಆದರೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ ಕಾಗದ ಎಲ್ಲಿ ಅಂತ ಕೇಳಲಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯಲ್ಲಿ ಪ್ರಭಾರಕ್ಕೆ ನಿಯಮ 32 ಇದೆ, ಪ್ರಭಾರ ಭತ್ಯೆಗೆ ನಿಯಮ 68 ಇದೆ. ಆ ನಂಬರುಗಳನ್ನು ಬರೆದ ಆದೇಶ ಇದ್ದರೆ ಮಾತ್ರ ಭತ್ಯೆ ಕೇಳಲು ದಾರಿ. ಅದು ಸೇವಾ ಪುಸ್ತಕದಲ್ಲೂ ನಮೂದಾಗಬೇಕು. ನನ್ನ ಹತ್ತಿರ ಇದ್ದಿದ್ದು "ಪ್ರಭಾರ ಮುಖ್ಯ ಶಿಕ್ಷಕರು" ಅನ್ನುವ ರಬ್ಬರ್ ಸ್ಟಾಂಪು. ಅದನ್ನೂ ನನ್ನ ದುಡ್ಡಲ್ಲೇ ಮಾಡಿಸಿದ್ದು.

ಮೊದಲ ವರ್ಷ ಎರಡು ಸಲ ಬಾಯಲ್ಲಿ ಕೇಳಿದೆ. ಆಗಲಿ ಅಂದರು. ಹಾಗಂದವರಿಗೆ ವರ್ಗಾವಣೆಯಾಯಿತು. ಹೊಸಬರನ್ನು ಕೇಳಲು ನನಗೇ ಮುಜುಗರ. ದುಡ್ಡಿಗೆ ಬಾಯಿ ಬಿಡ್ತಾಳೆ ಅಂದುಕೊಂಡಾರು ಅಂತ. 2023ರಲ್ಲಿ ಬಡ್ತಿ ಮೇಲೆ ಹೊಸ ಮುಖ್ಯ ಶಿಕ್ಷಕರು ಬಂದ ಮೇಲೆ ಅರ್ಜಿ ಬರೆದೆ. ಗುಮಾಸ್ತರು ಕಡತ ತಿರುವಿ ಕೇಳಿದ್ದು ಒಂದೇ ಮಾತು: "ಆದೇಶದ ದಿನಾಂಕ ಹೇಳಿ." ಹಿಂದಿನ ತಾರೀಕು ಹಾಕಿ ಈಗ ಆದೇಶ ಮಾಡಲು ಬರುವುದಿಲ್ಲ. ಅವರು ಹೇಳಿದ್ದು ಸರಿಯೇ. ಬಾಯಿಮಾತಿಗೆ ಖಜಾನೆಯಲ್ಲಿ ಲೆಕ್ಕ ಶೀರ್ಷಿಕೆ, ಅಂದರೆ ಖರ್ಚು ಬರೆಯುವ ಖಾತೆ, ಇಲ್ಲ.

ಬಂದಿಲ್ಲ ಅನ್ನುವುದು ಒಂದು ಕಡೆ, ಕೈಯಿಂದ ಹೋಗಿದ್ದು ಇನ್ನೊಂದು ಕಡೆ. ನಮ್ಮಷ್ಟು ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಅದು ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತಿತ್ತು. ಮಂಗಗಳಿಗೆ ಅದೆಲ್ಲ ಗೊತ್ತಾ? ಮಾಡಿನ ಮೇಲೆ ಓಡಾಡಿ ಹಂಚು ಒಡೆಯುತ್ತಿದ್ದವು. ಒಂದು ಜುಲೈಯಲ್ಲಿ ನಾಲ್ಕನೇ ತರಗತಿಯ ಕರಿಹಲಗೆ ಮೇಲೇ ನೀರು ಇಳಿಯಿತು. ಬರೆದಿದ್ದ ಭಾಗಾಕಾರ ಕರಗಿ ಕೆಳಗೆ ಬಂತು. ಮಕ್ಕಳಿಗೆ ಖುಷಿಯೋ ಖುಷಿ! ನಾನು ಹಂಚಿಗೂ ಹತ್ತಿದವನ ಕೂಲಿಗೂ ನನ್ನ ಪರ್ಸಿನಿಂದ ಕೊಟ್ಟೆ. ಆಮೇಲೆ ಬಿಲ್ಲು ಸರಿ ಇಲ್ಲ ಅಂತ ಅದು ಹಾಗೇ ಹೋಯಿತು. ಮೊಟ್ಟೆ ಕೊಡಲು ಶುರುವಾದಾಗ ಒಂದಕ್ಕೆ 6 ರೂಪಾಯಿ ಲೆಕ್ಕ, ಬೇಯಿಸುವುದು ಸುಲಿಯುವುದು ಎಲ್ಲ ಅದರೊಳಗೇ. ಅಂಗಡಿಯಲ್ಲಿ ದರ ಏರಿದ ವಾರ ವ್ಯತ್ಯಾಸ ಯಾರು ತುಂಬಬೇಕು? ನಮ್ಮಲ್ಲಿ ಅರ್ಧ ಮಕ್ಕಳು ಮೊಟ್ಟೆ ಬದಲು ಬಾಳೆಹಣ್ಣು ತಿನ್ನುವವರು, ಹಾಗಾಗಿ ಸ್ವಲ್ಪ ಬಚಾವಾದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಸರ್ಕಾರಕ್ಕೇ ದುಡ್ಡಿನ ಬಿಗಿ, ಇಂಥ ಹೊತ್ತಲ್ಲಿ ಕೇಳುವುದು ಸರಿಯಾ ಅಂತೀರಿ. ಈ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮಂಜೂರಾದ ಹುದ್ದೆ ಖಾಲಿ ಬಿದ್ದಷ್ಟು ತಿಂಗಳೂ ಆ ಪೂರ್ತಿ ಸಂಬಳ ಉಳಿಯುತ್ತಲೇ ಇರುತ್ತದೆ. ನೀವು ಕೇಳುವುದು ಅದರಲ್ಲಿ ಒಂದು ಚೂರು. ನಾನು ಆಫೀಸಿಗೆ, ಮೀಟಿಂಗಿಗೆ ಓಡಾಡುವಾಗ ನನ್ನ ಗಣಿತದ ಪಿರಿಯಡ್ ತೆಗೆದುಕೊಳ್ಳುತ್ತಿದ್ದವಳು ತಿಂಗಳಿಗೆ 10,000 ರೂಪಾಯಿಯ ಅತಿಥಿ ಶಿಕ್ಷಕಿ. ಅವಳದ್ದೂ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಬಜೆಟ್ ಬಿಗಿಯಾದಾಗ ಅದು ಮೊದಲು ಬಿಗಿಯುವುದು ಕೇಳದವರ ಕುತ್ತಿಗೆಯನ್ನೇ. ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಬಂತಲ್ಲ, ಶೇ. 27.5 ಫಿಟ್‌ಮೆಂಟು, ಅಂದರೆ ಮೂಲ ವೇತನದ ಏರಿಕೆ? ಅದೇನು ಸುಮ್ಮನೆ ಕೂತಿದ್ದಕ್ಕೆ ಬಂತಾ? ನೌಕರರು ಮುಷ್ಕರಕ್ಕೆ ಇಳಿದಿದ್ದರು.

ಒಪ್ಪಿಕೊಳ್ಳಲಾ ಬೇಡವಾ ಅಂತ ತೂಗಿ ನೋಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ನೀವೇ ಸೀನಿಯರ್ ಅಂದ ಮೇಲೆ ಹೇಗೂ ನಿಮ್ಮ ತಲೆಗೇ ಕಟ್ಟುತ್ತಾರೆ. ಮೊದಲು ನಿಮ್ಮ ಶಾಲೆಗೆ ಮುಖ್ಯ ಶಿಕ್ಷಕರ ಹುದ್ದೆ ಮಂಜೂರಾಗಿದೆಯಾ ನೋಡಿ. ಇಬ್ಬರೇ ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಯಾದರೆ ಆ ಹುದ್ದೆಯೇ ಇರಲಿಕ್ಕಿಲ್ಲ, ಆಗ ಕೇಳಿಯೂ ಪ್ರಯೋಜನ ಇಲ್ಲ. ಇದ್ದರೆ, ಕೀಲಿ ತೆಗೆದುಕೊಳ್ಳುವ ದಿನವೇ ಎರಡು ಸಾಲಿನ ಪತ್ರ ಬರೆಯಿರಿ: ಮೌಖಿಕ ಸೂಚನೆಯಂತೆ ಇಂದಿನಿಂದ ಪ್ರಭಾರ ವಹಿಸಿಕೊಂಡಿದ್ದೇನೆ, ನಿಯಮ 32 ಮತ್ತು 68ರಂತೆ ಆದೇಶ ನೀಡಬೇಕು. ಆಫೀಸಿನಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬಸ್ಸು ಹತ್ತಿ. ಊಟದ ಹೊತ್ತು, ಆಮೇಲೆ ಬನ್ನಿ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ.

ಮುದ್ರೆ ಬಿದ್ದ ಪ್ರತಿಯನ್ನು ಶಾಲೆಯ ಬೀರುವಿನಲ್ಲಿ ಇಡಬೇಡಿ. ಮನೆಗೆ ಒಯ್ದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ. ನಮ್ಮ ಕಡೆ ಆಷಾಢದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ನಿಮಗೂ ಗೊತ್ತಲ್ಲ.