ಅಜ್ಜಿ ಆ ಗುಡಿಗೆ ಏಕೆ ಹೋಗುವುದಿಲ್ಲ: ಒಬ್ಬ ಲೇಖಕಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ವಿಶೇಷಾಂಕಕ್ಕಾಗಿ ನೀವು ಕಳುಹಿಸಿದ ‘ಒಡೆದ ಗುಡಿ, ಒಡೆಯದ ಭಕ್ತಿ’ ಎಂಬ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಇಷ್ಟನ್ನೇ ಬರೆದು ಮುಗಿಸಬಹುದಿತ್ತು; ಆದರೆ ಕೊನೆಯ ಪುಟದಲ್ಲಿ ನೀವು ಅವಸರದಿಂದ ದಾಟಿಹೋಗಿರುವ ಎರಡು ವಾಕ್ಯಗಳು ನನ್ನನ್ನು ಹಾಗೆ ಮಾಡಲು ಬಿಡಲಿಲ್ಲ. ‘ನಮ್ಮ ಊರಿನ ದೇವರಕಾಡಿನಲ್ಲಿಯೂ ಹಳೆಯ ಕಲ್ಲುಗಳನ್ನು, ಹರಕೆಯ ಮಣ್ಣಿನ ನಾಯಿಗಳನ್ನು ತೆಗೆದು ಹೊಸ ಗುಡಿ ಕಟ್ಟಿದ್ದಾರೆ. ಅಂದಿನಿಂದ ನಮ್ಮ ಅಜ್ಜಿ ಅಲ್ಲಿಗೆ ಹೋಗುವುದಿಲ್ಲ.’ ಇದಾದ ಕೂಡಲೇ ನೀವು ‘ಕಾಲಾಯ ತಸ್ಮೈ ನಮಃ’ ಎಂದು ಲೇಖನವನ್ನು ನಿಲ್ಲಿಸಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಲೇಖನ ಆರಂಭವಾಗಬೇಕಾದದ್ದೇ ಅಲ್ಲಿಂದ.

ಅದಕ್ಕೂ ಮೊದಲಿನ ಪುಟಗಳೆಲ್ಲ ಒಂದೇ ಎಣಿಕೆಯ ಮೇಲೆ ನಿಂತಿವೆ: ಪವಿತ್ರ ಸ್ಥಳಗಳನ್ನು ಒಡೆಯುವವರು ಯಾವಾಗಲೂ ಹೊರಗಿನವರು, ಅಳುವವರು ಒಳಗಿನವರು. ಅಫ್ಘಾನಿಸ್ತಾನದ ಬಾಮಿಯಾನ್, ಮಾಲಿಯ ಟಿಂಬಕ್ಟು, ಸಿರಿಯಾದ ಪಾಲ್ಮೈರಾ, ಆನೆಗೊಂದಿಯ ನವವೃಂದಾವನ ಎಂದು ನಾಲ್ಕು ಸ್ಥಳಗಳ ಕತೆ ಹೇಳಿ ಪ್ರತಿಯೊಂದನ್ನೂ ‘ಭಕ್ತಕೋಟಿಯ ಕಣ್ಣೀರು ಹರಿಯಿತು’ ಎಂಬಂಥ ಮಾತಿನಿಂದ ಮುಗಿಸಿದ್ದೀರಿ. ಆ ಕಣ್ಣೀರು ಸುಳ್ಳೆಂದು ನಾನು ಹೇಳುತ್ತಿಲ್ಲ. ಕಣ್ಣೊರೆಸಿಕೊಂಡ ಮೇಲೆ ಆ ಜನ ಏನು ಮಾಡಿದರು ಎಂಬುದನ್ನು ನಿಮ್ಮ ಲೇಖನ ಎಲ್ಲಿಯೂ ಕೇಳುವುದಿಲ್ಲ ಎಂಬುದೇ ನನ್ನ ದೂರು. ಅವರು ಮತ್ತೆ ಕಟ್ಟಿದರೋ, ಹಾಗೆಯೇ ಬಿಟ್ಟರೋ, ನ್ಯಾಯಾಲಯದ ಮೆಟ್ಟಿಲು ಹತ್ತಿದರೋ, ಅಥವಾ ನಿಮ್ಮ ಅಜ್ಜಿಯಂತೆ ಹೋಗುವುದನ್ನೇ ನಿಲ್ಲಿಸಿದರೋ, ಆ ನಡೆಯಲ್ಲಿಯೇ ಅವರ ನಂಬಿಕೆ ಎಂಥದೆಂಬುದು ಓದುಗರಿಗೆ ತಿಳಿಯುತ್ತದೆ.

ಬಾಮಿಯಾನ್‌ನಿಂದಲೇ ಆರಂಭಿಸೋಣ. ‘ಅಲ್ಲಿನ ಬೌದ್ಧರ ಎದೆ ಒಡೆಯಿತು’ ಎಂದು ಬರೆದಿದ್ದೀರಿ. ೨೦೦೧ರ ಮಾರ್ಚ್ ತಿಂಗಳಲ್ಲಿ ತಾಲಿಬಾನ್ ಪಡೆ ೫೫ ಮತ್ತು ೩೮ ಮೀಟರ್ ಎತ್ತರದ ಆ ಎರಡು ಬುದ್ಧಮೂರ್ತಿಗಳನ್ನು ಸ್ಫೋಟಿಸಿದಾಗ, ಆ ಕಣಿವೆಯಲ್ಲಿ ಅವುಗಳನ್ನು ಪೂಜಿಸುವ ಬೌದ್ಧರು ಇಲ್ಲವಾಗಿ ಶತಮಾನಗಳೇ ಕಳೆದಿದ್ದವು. ಅಲ್ಲಿ ವಾಸಿಸುತ್ತಿದ್ದವರು ಹಜಾರಾ ಜನ, ಬಹುಪಾಲು ಶಿಯಾ ಮುಸ್ಲಿಮರು. ದೊಡ್ಡ ಮೂರ್ತಿಯನ್ನು ಸಲ್ಸಾಲ್ ಎಂದೂ ಚಿಕ್ಕದನ್ನು ಶಾಹ್‌ಮಾಮಾ ಎಂದೂ ಕರೆದು ಅವರಿಬ್ಬರ ಪ್ರೇಮದ ಕತೆಯನ್ನು ಮಕ್ಕಳಿಗೆ ಹೇಳುತ್ತಿದ್ದವರು ಅವರು. ಬಂಡೆಗೆ ಸ್ಫೋಟಕ ತುಂಬಲು ತಮ್ಮನ್ನೇ ಬಲವಂತವಾಗಿ ದುಡಿಸಿಕೊಂಡರೆಂದು ಅವರಲ್ಲಿ ಕೆಲವರು ಆಮೇಲೆ ಹೇಳಿದ್ದಾರೆ. ಪೂಜಿಸದಿದ್ದರೂ ತಮ್ಮದೆಂದುಕೊಂಡಿದ್ದ ಮೂರ್ತಿಗಳನ್ನು ತಮ್ಮ ಕೈಯಿಂದಲೇ ಕಳೆದುಕೊಂಡ ಜನರ ಸಂಕಟವನ್ನು ನೀವು ಬಿಟ್ಟು, ಅಲ್ಲಿ ಇರದಿದ್ದ ಬೌದ್ಧರ ಸಂಕಟವನ್ನು ಬರೆದಿದ್ದೀರಿ.

ಟಿಂಬಕ್ಟುವಿನ ಭಾಗದಲ್ಲಿಯೂ ಇದೇ ತೊಡಕು. ೨೦೧೨ರಲ್ಲಿ ಅಲ್ಲಿನ ಸೂಫಿ ಸಂತರ ಮಣ್ಣಿನ ಗೋರಿಗಳನ್ನು ಒಡೆದವರೂ ಮುಸ್ಲಿಮರೇ. ಸಂತರ ಗೋರಿಗೆ ನಡೆದುಕೊಳ್ಳುವುದು ಧರ್ಮಕ್ಕೆ ವಿರುದ್ಧ ಎಂಬುದು ಅವರ ವಾದವಾಗಿತ್ತು. ಅಂದರೆ ಒಡೆದವರೂ ತಮ್ಮನ್ನು ಭಕ್ತರೆಂದೇ ತಿಳಿದಿದ್ದರು. ಅವರಲ್ಲಿ ಅಹ್ಮದ್ ಅಲ್ ಮಹ್ದಿ ಎಂಬವನು ಅದೇ ಸೀಮೆಯವನು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಕ್ಷಮೆ ಕೇಳಿ, ೨೦೧೬ರಲ್ಲಿ ೯ ವರ್ಷಗಳ ಶಿಕ್ಷೆಗೆ ಗುರಿಯಾದವನು. ಅಷ್ಟರಲ್ಲಿ ಊರಿನ ಜನ ಸುಮ್ಮನೆ ಕುಳಿತಿರಲಿಲ್ಲ. ತಲೆತಲಾಂತರದಿಂದ ಗಾರೆ ಕೆಲಸ ಮಾಡುತ್ತಿದ್ದ ಮನೆತನಗಳವರು ಯುನೆಸ್ಕೊ ನೆರವಿನಿಂದ, ಹಳೆಯ ಛಾಯಾಚಿತ್ರಗಳನ್ನೂ ಹಿರಿಯರ ನೆನಪನ್ನೂ ಆಧಾರವಾಗಿಟ್ಟುಕೊಂಡು, ೨೦೧೫ರ ವೇಳೆಗೆ ಗೋರಿಗಳನ್ನು ಮತ್ತೆ ಎಬ್ಬಿಸಿದರು. ಮರುವರ್ಷ ಕುರಾನ್ ಪಠಣದೊಂದಿಗೆ ಅವುಗಳ ಪಾವಿತ್ರ್ಯವನ್ನು ಮರಳಿ ಸ್ಥಾಪಿಸಿದರು. ಮಣ್ಣಿನ ಕಟ್ಟಡಕ್ಕೆ ಆಗಾಗ ಹೊಸ ಗಾರೆ ಮೆತ್ತುತ್ತಲೇ ಬಂದಿರುವ ಊರಿಗೆ ಮರಳಿ ಕಟ್ಟುವುದು ಅಪರಿಚಿತ ಕೆಲಸವಾಗಿರಲಿಲ್ಲ. ನಿಮ್ಮ ಲೇಖನಕ್ಕೆ ಬೇಕಿದ್ದುದು ಈ ವಿವರ, ‘ಮನುಕುಲವೇ ತಲೆತಗ್ಗಿಸಿತು’ ಎಂಬ ಘೋಷಣೆಯಲ್ಲ.

ಪಾಲ್ಮೈರಾ ಕುರಿತ ಪುಟವನ್ನು ಸಂಪೂರ್ಣವಾಗಿ ತೆಗೆದುಹಾಕಿ. ೨೦೧೫ರ ಆಗಸ್ಟ್‌ನಲ್ಲಿ ಧ್ವಂಸವಾದ ಬೇಲ್ ದೇವಾಲಯ ಹಿಂದೆ ಚರ್ಚ್ ಆಗಿ, ಮಸೀದಿಯಾಗಿ ಬಳಕೆಯಲ್ಲಿದ್ದು, ಆಮೇಲೆ ಪ್ರವಾಸಿಗರ ಸ್ಥಳವಾಗಿತ್ತು. ಆ ಅವಶೇಷಗಳಿಗಾಗಿ ಅದೇ ತಿಂಗಳಲ್ಲಿ ಪ್ರಾಣ ತೆತ್ತ ಪುರಾತತ್ತ್ವಜ್ಞ ಖಾಲಿದ್ ಅಲ್ ಅಸಾದ್ ಅವರ ನಿಷ್ಠೆ ಬಹಳ ದೊಡ್ಡದು. ಆದರೆ ಅದು ವಿದ್ವಾಂಸನ ನಿಷ್ಠೆ. ಅದನ್ನು ಭಕ್ತಿಯ ಲೆಕ್ಕಕ್ಕೆ ಸೇರಿಸಿದರೆ ಅವರಿಗೂ ನ್ಯಾಯವಾಗುವುದಿಲ್ಲ, ನಿಮ್ಮ ವಿಷಯಕ್ಕೂ ಆಗುವುದಿಲ್ಲ.

ನವವೃಂದಾವನದ ಭಾಗವನ್ನು ಮಾತ್ರ ಉಳಿಸಿಕೊಂಡು ಇನ್ನಷ್ಟು ಬೆಳೆಸಿ ಎಂದು ಒತ್ತಾಯಿಸುತ್ತೇನೆ. ೨೦೧೯ರ ಜುಲೈನಲ್ಲಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಕಿತ್ತುಹಾಕಿ ಅಗೆದರು. ೧೫೩೯ರಲ್ಲಿ ವೃಂದಾವನಸ್ಥರಾದ, ವಿಜಯನಗರದ ಅರಸರಿಗೆ ಗುರುಗಳಾಗಿದ್ದ ಯತಿಯ ಸನ್ನಿಧಿ ಅದು. ಸುದ್ದಿ ಹರಡಿದ ಬೆನ್ನಿಗೇ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ನಡುಗಡ್ಡೆಗೆ ಬಂದು, ಚೆದುರಿದ ಕಲ್ಲುಗಳನ್ನು ಆಯ್ದು ಜೋಡಿಸಿ, ನೋಡನೋಡುತ್ತಿದ್ದಂತೆ ಮರುಪ್ರತಿಷ್ಠೆ ಮಾಡಿ ಮುಗಿಸಿದರು. ನೀವು ಇದನ್ನು ‘ಭಕ್ತಿಯ ವಿಜಯ’ ಎಂದು ಕರೆದು ಮುಂದೆ ಸಾಗಿದ್ದೀರಿ. ಸ್ವಲ್ಪ ನಿಂತು ಯೋಚಿಸಿ. ಭಕ್ತರಿಗೆ ಅಲ್ಲಿ ಗುರುಗಳು ಇಂದಿಗೂ ಇದ್ದಾರೆ. ಇರುವ ಗುರುಗಳನ್ನು ಬಿಸಿಲಿಗೆ ಬಿಟ್ಟು ಪಂಚನಾಮೆಗಾಗಿ, ಅಳತೆಗಾಗಿ, ಛಾಯಾಗ್ರಹಣಕ್ಕಾಗಿ ಕಾಯುವುದು ಅವರಿಂದ ಆಗದ ಮಾತು. ಪುರಾತತ್ತ್ವದ ಕಣ್ಣಿಗಾದರೆ ಕಲ್ಲು ಬಿದ್ದ ಜಾಗವೂ, ಅಗೆದ ಮಣ್ಣಿನ ಪದರವೂ ಸಾಕ್ಷ್ಯ. ಅವಸರದಲ್ಲಿ ಕಟ್ಟಿದರೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ಇಬ್ಬರ ಕರ್ತವ್ಯವೂ ನಿಜವಾದದ್ದು, ಎರಡನ್ನೂ ಒಂದೇ ರಾತ್ರಿಯಲ್ಲಿ ಪೂರೈಸಲಾಗದು. ನಾನು ಆ ಭಕ್ತರ ಪಕ್ಷದಲ್ಲಿಯೇ ನಿಲ್ಲುತ್ತೇನೆ, ಏಕೆಂದರೆ ಸನ್ನಿಧಿಯೊಂದು ಬದುಕಿರುವುದು ನಡೆದುಕೊಳ್ಳುವ ಜನರಿಂದ. ನೀವು ಬೇರೆ ಪಕ್ಷದಲ್ಲಿ ನಿಲ್ಲಬಹುದು. ಆದರೆ ಇಕ್ಕಟ್ಟನ್ನು ತೋರಿಸದೆ ಜಯಘೋಷ ಮಾಡಬೇಡಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಘಟನೆಯನ್ನು ಸೂಚಿಸಬಯಸುತ್ತೇನೆ, ಏಕೆಂದರೆ ದೂರದಲ್ಲಿ ನಡೆದಿದ್ದರೂ ಅದು ಕೊಡಗಿಗೆ ಉಳಿದೆಲ್ಲವುಗಳಿಗಿಂತ ಹತ್ತಿರದ್ದು. ೨೦೨೦ರ ಮೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಯಲ್ಲಿ ರಿಯೊ ಟಿಂಟೊ ಎಂಬ ಗಣಿ ಕಂಪನಿ ಕಬ್ಬಿಣದ ಅದಿರಿಗಾಗಿ ೪೬,೦೦೦ ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಬಂಡೆಯಾಸರೆಗಳನ್ನು ಸಿಡಿಸಿತು. ಸಿಡಿಸಲು ೨೦೧೩ರಲ್ಲಿಯೇ ಕಾನೂನುಬದ್ಧ ಅನುಮತಿ ದೊರೆತಿತ್ತು. ಆ ಅನುಮತಿಯ ಬಳಿಕ ನಡೆದ ಉತ್ಖನನದಲ್ಲಿ ಸುಮಾರು ೪,೦೦೦ ವರ್ಷ ಹಳೆಯ, ಮನುಷ್ಯರ ಕೂದಲಿನಿಂದ ಹೆಣೆದ ಪಟ್ಟಿಯ ತುಂಡು ದೊರೆತು, ಅದರ ವಂಶವಾಹಿಗಳು ಇಂದಿನ ಪುಟು ಕುಂಟಿ ಕುರ್ರಾಮ ಮತ್ತು ಪಿನಿಕುರ ಜನರೊಂದಿಗೆ ಹೊಂದಿಕೆಯಾದವು. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಪೂರ್ವಿಕರಾದ ಕಾರಣವರಿಗೆ ದೀಪವಿಡುವ, ಅವರ ಗುಡಿಯಾದ ಕೈಮಡದ ಮುಂದೆ ಕೈಮುಗಿಯುವ ನಮ್ಮ ಓದುಗರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜನ ಸಂಸತ್ತಿನ ವಿಚಾರಣೆಯ ಮುಂದೆ ತಮ್ಮ ನಷ್ಟವನ್ನು ಹೇಳಿದರು. ಕಂಪನಿಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಆದರೆ ಮರುಪ್ರತಿಷ್ಠೆ ಎಂಬ ದಾರಿ ಆ ಜನರಿಗೆ ಇರಲಿಲ್ಲ. ಗೋರಿಯನ್ನು ಮತ್ತೆ ಕಟ್ಟಬಹುದು, ವೃಂದಾವನವನ್ನು ಮತ್ತೆ ಜೋಡಿಸಬಹುದು. ಬೆಟ್ಟವನ್ನೂ ಕಾಡನ್ನೂ ಯಾವ ಶಿಲ್ಪಿ ಮರಳಿ ಕೊಡುತ್ತಾನೆ?

ಈ ಪ್ರಶ್ನೆಯಿಂದಲೇ ನಿಮ್ಮ ಊರಿಗೆ ಬರಬೇಕು. ಕೊಡಗು ಜಿಲ್ಲೆಯಲ್ಲಿ ೧,೨೧೪ ದೇವರಕಾಡುಗಳಿವೆ ಎಂದು ಅರಣ್ಯ ಇಲಾಖೆಯ ದಾಖಲೆ ಹೇಳುತ್ತದೆ. ೧೯೦೫ರಲ್ಲಿ ೧೫,೫೦೬ ಎಕರೆಯಷ್ಟಿದ್ದ ಅವುಗಳ ವಿಸ್ತೀರ್ಣ ೧೯೮೫ರ ವೇಳೆಗೆ ೬,೨೯೯ ಎಕರೆಗೆ ಇಳಿದಿತ್ತು. ಆ ಕಾಡನ್ನು ತಿಂದದ್ದು ಯಾವ ದಂಡಯಾತ್ರೆಯೂ ಅಲ್ಲ. ಬೇಲಿಯನ್ನು ವರ್ಷಕ್ಕೊಂದು ಮಾರು ಒಳಗೆ ಸರಿಸಿಕೊಂಡವರು ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದವರೇ. ಹೊರಗಿನವರು ಒಡೆದದ್ದೇ ಇಲ್ಲವೆಂದು ಇದರ ಅರ್ಥವಲ್ಲ: ಮಡಿಕೇರಿ ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು ಬ್ರಿಟಿಷರು ತೆಗೆಸಿ ೧೮೫೫ರಲ್ಲಿ ಚರ್ಚ್ ಕಟ್ಟಿಸಿದರು. ಇಂದು ಅದು ವಸ್ತುಸಂಗ್ರಹಾಲಯ. ಪೂಜೆಯಿಲ್ಲದ ವಿಗ್ರಹಗಳೂ ವೀರಗಲ್ಲುಗಳೂ ಅಲ್ಲಿ ಸಾಲಾಗಿ ನಿಂತಿವೆ. ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ, ಅವುಗಳ ಮುಂದೆ ಯಾರು ಕೈಮುಗಿಯುತ್ತಾರೆ, ಯಾರು ಮುಗಿಯುವುದಿಲ್ಲ ಎಂಬುದನ್ನು ನೋಡಿ ಬನ್ನಿ.

ನಿಮ್ಮ ಊರಿನ ಹೊಸ ಗುಡಿಯನ್ನು ಕಟ್ಟಿಸಿದವರನ್ನು ಖಳರನ್ನಾಗಿ ಮಾಡುವುದು ಸುಲಭ; ಅದು ಅನ್ಯಾಯವೂ ಹೌದು. ಜೀರ್ಣೋದ್ಧಾರಕ್ಕೆ ಅದರದೇ ಆದ ವಿಧಿಯಿದೆ. ಸಾಮಾನ್ಯವಾಗಿ ಜ್ಯೋತಿಷಿಗಳಿಂದ ಪ್ರಶ್ನೆ ಇಡಿಸಿ ದೇವರ ಇಚ್ಛೆ ತಿಳಿಯುತ್ತಾರೆ, ತಂತ್ರಿಗಳು ಹಳೆಯ ಬಿಂಬದಲ್ಲಿರುವ ಚೈತನ್ಯವನ್ನು ಕಲಶಕ್ಕೆ ಆವಾಹಿಸುತ್ತಾರೆ, ಕೆಲಸ ಮುಗಿಯುವ ತನಕ ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಪೂಜೆ ನಡೆಯುತ್ತದೆ, ಬಳಿಕ ಹೊಸ ಬಿಂಬಕ್ಕೆ ಪ್ರತಿಷ್ಠೆಯಾಗುತ್ತದೆ. ಈ ಕ್ರಮವನ್ನು ನಂಬುವವನಿಗೆ ಹೊರಗೆ ತೆಗೆದ ಕಲ್ಲು ದೇವರು ಬಿಟ್ಟುಹೋದ ಕಲ್ಲು. ಅದನ್ನು ನೀರಿಗೆ ಬಿಡುವುದು ಧರ್ಮ, ನಾಶವಲ್ಲ. ಹಾಗಿದ್ದರೆ ನಿಮ್ಮ ಊರಿನಲ್ಲಿ ಈ ವಿಧಿ ನಡೆಯಿತೇ? ಮರದ ಬುಡದಲ್ಲಿ, ಸೂರಿಲ್ಲದೆ ಇದ್ದ ಅಯ್ಯಪ್ಪನಿಗೆ ಸೂರು ಬೇಕೆಂದು ಯಾರು ಹೇಳಿದರು? ಬೇಟೆಯ ದೇವರಾದ ಆ ಅಯ್ಯಪ್ಪನಿಗೆ ತಲೆಮಾರುಗಳಿಂದ ಒಪ್ಪಿಸಿದ ಆ ಮಣ್ಣಿನ ನಾಯಿಗಳಲ್ಲಿ ದೇವರ ಚೈತನ್ಯವಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಮನೆಮನೆಯವರ ಮಾತಂತೂ ಇತ್ತಲ್ಲ. ಕಾಯಿಲೆ ಬಿದ್ದ ಮಗುವಿಗಾಗಿ, ಮರಳಿ ಬಾರದ ಮಗನಿಗಾಗಿ ಕೊಟ್ಟ ಮಾತನ್ನು ತೆಗೆಯುವ ವಿಧಿ ಯಾವುದು? ಅವುಗಳನ್ನು ನೀರಿಗೆ ಬಿಟ್ಟರೋ, ಟ್ರ್ಯಾಕ್ಟರಿನಲ್ಲಿ ಸಾಗಿಸಿ ರಸ್ತೆಯ ಗುಂಡಿಗೆ ಸುರಿದರೋ? ಅಜ್ಜಿ ದೂರ ಉಳಿಯಲು ಕಾರಣ ಸಿಟ್ಟೇ, ಭಯವೇ, ಅಥವಾ ದೇವರು ಅಲ್ಲಿಲ್ಲ ಎಂಬ ತೀರ್ಮಾನವೇ? ಆ ಗುಡಿಗೆ ಹೋಗದ ಮೇಲೆ ಹರಕೆಯನ್ನು ಅವರು ಎಲ್ಲಿ ಸಲ್ಲಿಸುತ್ತಾರೆ? ಇದನ್ನೆಲ್ಲ ನೀವು ಊಹಿಸಿ ಬರೆಯಬಾರದು, ಅವರ ಪಕ್ಕ ಕುಳಿತು ಕೇಳಬೇಕು. ಅವರು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಉತ್ತರಿಸಿದರೆ ಆ ಮಾತುಗಳನ್ನು ಹಾಗೆಯೇ ಬರೆದುಕೊಳ್ಳಿ.

ತೆಗೆದ ಕಲ್ಲುಗಳ ಬಗೆಗೂ ವಿಚಾರಿಸಿ. ಕಲಬುರಗಿ ಜಿಲ್ಲೆಯ ಸನ್ನತಿಯ ಕಾಳಿ ಗುಡಿಯ ಮಾಡು ೧೯೮೬ರಲ್ಲಿ ಕುಸಿದಾಗ, ದೇವಿಯ ಪೀಠಕ್ಕೆ ಆಧಾರವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇದ್ದುದು ಬೆಳಕಿಗೆ ಬಂತು. ಪೀಠ ಕೂರಿಸಲು ಅಕ್ಷರಗಳ ನಡುವೆಯೇ ಕಲ್ಲನ್ನು ಕೊರೆದಿದ್ದರು. ಅಷ್ಟು ಶತಮಾನ ಅದು ಉಳಿದು ಬಂದದ್ದೂ ಪೂಜೆಯ ನೆರಳಿನಲ್ಲಿಯೇ. ನಿಮ್ಮ ಊರಿನ ಕಲ್ಲುಗಳಲ್ಲಿ ಅಕ್ಷರಗಳಿದ್ದವೇ ಎಂದು ಹಿರಿಯರನ್ನು ಕೇಳಿ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ ಮೊದಲ ಸಂಪುಟ ಕೊಡಗಿನ ಶಾಸನಗಳದ್ದು. ೧೮೮೬ರಲ್ಲಿ ಮೊದಲು ಅಚ್ಚಾದ ಆ ಸಂಪುಟದಲ್ಲಿ ನಿಮ್ಮ ಗ್ರಾಮದ ಹೆಸರಿದೆಯೇ ಎಂದು ನೋಡಿ. ಇದ್ದರೆ ಕಲ್ಲು ಹೋದರೂ ಶಾಸನದ ಪಾಠವಾದರೂ ಕೈಗೆ ಸಿಗುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ವಾಕ್ಯಗಳಿಗೆ ಬಿಗಿಯಿದೆ, ವಿಶೇಷಣಗಳು ಅತಿಯಾಗಿವೆ; ‘ಹೃದಯವಿದ್ರಾವಕ’ ಎಂಬ ಪದವನ್ನು ಎಲ್ಲ ಕಡೆಯೂ ತೆಗೆಯಿರಿ.

ಪರಿಷ್ಕರಿಸಿದ ಲೇಖನದಲ್ಲಿ ನವವೃಂದಾವನ ಮತ್ತು ಜೂಕನ್ ಎರಡಕ್ಕೂ ಸೇರಿ ಮೂರನೆಯ ಒಂದು ಪಾಲು ಸಾಕು. ಉಳಿದದ್ದು ನಿಮ್ಮ ದೇವರಕಾಡಿಗೆ ಮೀಸಲಾಗಿರಲಿ. ಗ್ರಾಮದ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಬರೆಯಬೇಡಿ. ಅಜ್ಜಿಯ ಮಾತನ್ನು ಅಚ್ಚು ಹಾಕಲು ಅವರ ಒಪ್ಪಿಗೆ ಪಡೆಯಿರಿ. ಜೀರ್ಣೋದ್ಧಾರ ಸಮಿತಿಯವರನ್ನೂ ಗುಡಿಯ ಮುಖ್ಯಸ್ಥರಾದ ದೇವತಕ್ಕರನ್ನೂ ಭೇಟಿಯಾಗಿ, ಅವರು ಯಾವ ನಂಬಿಕೆಯಿಂದ ಆ ಕೆಲಸಕ್ಕೆ ಕೈಹಾಕಿದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆಯಿರಿ. ಅಜ್ಜಿಗೆ ಕೊಟ್ಟಷ್ಟೇ ಜಾಗವನ್ನು ಅವರಿಗೂ ಕೊಡದಿದ್ದರೆ ಲೇಖನವನ್ನು ಅಚ್ಚಿಗೆ ಕಳುಹಿಸಲು ನನ್ನಿಂದಾಗದು. ವಿಶೇಷಾಂಕದ ಪುಟಗಳು ತುಂಬುವ ಮೊದಲು ನಿಮ್ಮ ಹೊಸ ಪ್ರತಿ ಬರಲೆಂದು ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ