ಬೆರಳು ಕಪ್ಪಾಗಿದೆ, ನೋವಿಲ್ಲ ಅಂತಾರೆ

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. 20 ವರ್ಷದಿಂದ ಶುಗರ್. 2 ವರ್ಷದ ಹಿಂದೆ ನನ್ನ ಕಿಡ್ನಿ ಕೊಟ್ಟೆ. ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.3 ಇದೆ. ಈಗ ಬಲಗಾಲಿನ ಎರಡನೇ ಬೆರಳ ತುದಿ ಕಪ್ಪಾಗಿದೆ. ‘ನೋವಿಲ್ಲ, ಸುಮ್ನಿರು’ ಅಂತ ಅರಿಶಿನ ಹಚ್ಚಿಕೊಂಡು ತೋಟಕ್ಕೆ ಹೋಗುತ್ತಾರೆ. ಹೊಸ ಕಿಡ್ನಿ ಬಂದ ಮೇಲೂ ಹೀಗೇಕೆ ಡಾಕ್ಟರೇ? ನಾನು ಕೊಟ್ಟಿದ್ದು ದಂಡವಾಯಿತಾ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಅಮ್ಮಾ, ಕಪ್ಪಾದ ಬೆರಳು ಮುಂದಿನ ಸಂಚಿಕೆವರೆಗೆ ಕಾಯುವುದಿಲ್ಲ. ಅದಕ್ಕೇ ಪತ್ರ ಓದಿದ ದಿನವೇ ಫೋನ್ ಮಾಡಿದೆ. ನೀವು ಮಾರನೇ ದಿನವೇ ಅವರನ್ನು ಹಾಸನಕ್ಕೆ ಕರೆತಂದಿದ್ದು ಒಳ್ಳೆಯದಾಯಿತು. ನಿಮ್ಮಿಬ್ಬರ ಒಪ್ಪಿಗೆ ಕೇಳಿಯೇ, ಬೇರೆಯವರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಖಂಡಿತ ದಂಡವಾಗಿಲ್ಲ. ನಿಮ್ಮ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಅದು ರಕ್ತ ಸೋಸುತ್ತದೆ, ಶುಗರ್ ವಾಸಿ ಮಾಡುವುದಿಲ್ಲ. ಇಷ್ಟು ವರ್ಷ ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬು, ಸುಣ್ಣ ಹಾಗೇ ಇರುತ್ತದೆ. ಅದರಿಂದಲೇ ರಕ್ತ ಸಾಲದೆ ಬೆರಳು ಕಪ್ಪಾಗುವುದು. ಜೊತೆಗೆ ಕಿಡ್ನಿ ಉಳಿಸಲು ಕೊಡುವ ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಎರಡೂ ಶುಗರ್ ಏರಿಸುತ್ತವೆ. ಹಾಗಂತ ಆ ಮಾತ್ರೆ ಬಿಟ್ಟರೆ ಕಿಡ್ನಿಯೇ ಹೋಗುತ್ತದೆ. ಸರಿಮಾಡಿಸಿಕೊಳ್ಳಬೇಕಾದ್ದು ಶುಗರ್ ಔಷಧಿಯನ್ನು.

‘ನೋವಿಲ್ಲ’ ಅನ್ನುವ ಮಾತೇ ನನಗೆ ಜಾಸ್ತಿ ಭಯ. ಶುಗರ್‌ನಿಂದ ಪಾದದ ನರಗಳಿಗೆ ಸ್ಪರ್ಶವೇ ಹೋಗಿರುತ್ತದೆ. ಒಂದು ಮಳೆಗಾಲದಲ್ಲಿ ಸಕಲೇಶಪುರದ ಕಡೆಯವರೊಬ್ಬರು ಬಚ್ಚಲೊಲೆ ಮುಂದೆ ಕಾಲು ಕಾಯಿಸುತ್ತಾ ಕೂತಿದ್ದರು. ಹೆಬ್ಬೆರಳು ಸುಟ್ಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದು ಸೊಸೆ ನೋಡಿದ್ದು. ಕಸಿಯಾದವರಲ್ಲಿ ಕಿಡ್ನಿ ಉಳಿಸುವ ಆ ಮಾತ್ರೆಗಳಿಂದ ಜ್ವರ, ಊತವೂ ಬೇಗ ಕಾಣಿಸದೆ ಹೋಗಬಹುದು.

ಇನ್ನೊಂದು ವಿಷಯ. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿಟ್ಟು, ಸಾಮಾನ್ಯವಾಗಿ ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೇ ಜೋಡಿಸುತ್ತಾರೆ. ನಿಮ್ಮವರಿಗೂ ಬಲಗಡೆಯೇ. ಜೋಡಿಸಿದ ಜಾಗಕ್ಕಿಂತ ಮೇಲೆ ಆ ನಾಳ ಕಟ್ಟಿಕೊಂಡರೆ ಕಾಲಿಗೂ ರಕ್ತ ಸಾಲದು, ಕಿಡ್ನಿಗೂ ಸಾಲದು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ನಾನು ಮೊದಲು ಹುಡುಕಿದ್ದು ಅದನ್ನೇ. ಪುಣ್ಯಕ್ಕೆ ಅಲ್ಲಿ ಸರಿಯಿದೆ. ಕಟ್ಟಿರುವುದು ಮಂಡಿಯ ಕೆಳಗೆ. ಆಂಜಿಯೋಗ್ರಾಮ್ (ಡೈ ಬಿಟ್ಟು ರಕ್ತನಾಳದ ಚಿತ್ರ ತೆಗೆಯುವುದು) ಮಾಡುವವರಿಗೆ ಕಸಿ ಕಿಡ್ನಿ ಅಂತ ಮೊದಲೇ ಹೇಳಿ. ಅದಕ್ಕೆ ಬಳಸುವ ಡೈ ಕಿಡ್ನಿಗೆ ತೊಂದರೆ ಕೊಡಬಹುದು. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಯೂ ಅಷ್ಟೇ, ಬೇಡ.

ಅರಿಶಿನ ನಿಲ್ಲಿಸಿ. ಅಂಗಳಕ್ಕೂ ಬರಿಗಾಲಲ್ಲಿ ಬಿಡಬೇಡಿ. ಇಂಬಳ ಕಚ್ಚಿದರೂ ಅವರಿಗೆ ತಿಳಿಯುವುದಿಲ್ಲ. ಅವರ ಕಣ್ಣೂ ಮಂಜು ಅಂದಿರಿ ಅಲ್ವಾ? ಹಾಗಾದರೆ ದಿನಾ ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಎರಡೂ ಅಂಗಾಲು, ಬೆರಳ ಸಂದಿ ನೀವೇ ನೋಡಿ.